ಜರಡಿ ಅಕ್ಕನೂ ಕೆಂಪು ಹೊಟ್ಟೆಯ ಗುಂಡನೂ

ನದಿ ಹೋಗಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲಿ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಸರನ್ನು ಜರಡಿ ಹಿಡಿಯುತ್ತಿದ್ದ ಹೆಂಗಸನ್ನು ಎಲ್ಲರೂ ಜರಡಿ ಅಕ್ಕ ಎಂದು ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳೂ ಉಳಿದವರಂತೆ ಹಿಂದಕ್ಕೆ ತಿರುಗಿ, ಯಾರನ್ನು ಕರೆದರೋ ಎಂದು ನೋಡುತ್ತಿದ್ದಳು.

ಅವಳ ಅಪ್ಪ ಗಡಿಯಾರ ರಿಪೇರಿ ಮಾಡುವವನು. ಆರೇಳು ವರ್ಷದವಳಿದ್ದಾಗಲೇ ಅವನ ಎದುರಿಗೆ ಕೂತು, ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿ ಎತ್ತಿ ಕೊಡುತ್ತಿದ್ದಳು. ಕೆಮ್ಮು ಬಂದರೆ ತಡೆದುಕೊಳ್ಳಬೇಕು, ಸೀನು ಬಂದರೆ ಎದ್ದು ಬೀದಿಗೆ ಓಡಬೇಕು. ಇಲ್ಲದಿದ್ದರೆ ಯಾರದೋ ಗಡಿಯಾರದ ಅರ್ಧ ಭಾಗ ಗಾಳಿಪಾಲು. ಹೀಗೆ ಬೆಳೆದವಳ ಕಣ್ಣು ಚುರುಕಾಯಿತು, ಕೈ ಅಲುಗದೆ ನಿಂತಿತು. ನಾಲಿಗೆ ಮಾತ್ರ ಎಂದೂ ನಿಲ್ಲಲಿಲ್ಲ. ಹತ್ತನೇ ತರಗತಿ ಮುಗಿಸಿ, ಬಸ್ ಡ್ರೈವರ್ ಒಬ್ಬನನ್ನು ಮದುವೆಯಾಗಿ, ಇಪ್ಪತ್ತಾರನೇ ವಯಸ್ಸಿಗೆ ಈ ಕೇಂದ್ರಕ್ಕೆ ನೆಲ ಒರೆಸುವ ಕೆಲಸಕ್ಕೆ ಸೇರಿದಳು.

ಸೇರಿದ ಎರಡನೇ ವಾರವೇ ಸಿಕ್ಕಿಬಿದ್ದಳು. ಸೂಕ್ಷ್ಮದರ್ಶಕದ ಧೂಳು ಒರೆಸುತ್ತ ಒರೆಸುತ್ತ ಅದರೊಳಗೆ ಕಣ್ಣಿಟ್ಟವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹಿಂದೆ ಆಗಿನ ಹಿರಿಯ ಮೇಡಂ ನಿಂತಿದ್ದರು.

"ಏನಮ್ಮಾ, ಏನು ಕಾಣಿಸ್ತು?"

"ಇದು ಊಟ ಮಾಡ್ತಾ ಇದೆ ಮೇಡಂ. ಬಾಯಿ ಹತ್ರ ಏನೋ ಹಿಡ್ಕೊಂಡು ತಿರುಗಿಸಿ ತಿರುಗಿಸಿ ತಿಂತಿದೆ. ನೋಡ್ಬಾರ್ದಿತ್ತೇನೋ."

ಮೇಡಂ ಬೈಯಲಿಲ್ಲ. ಮರುದಿನವೇ ಪೊರಕೆ ಬಿಡಿಸಿ ಕೈಗೆ ಜರಡಿ ಕೊಟ್ಟರು.

ಅವಳು ನೋಡಿದ್ದು ಸಿಗಡಿ, ಏಡಿಗಳ ದೂರದ ನೆಂಟನನ್ನು. ನೀರು ಇಳಿದಾಗ ಬಯಲಾಗುವ ಕೆಸರಿನಲ್ಲಿ ಅಂಥವು ಲೆಕ್ಕವಿಲ್ಲದಷ್ಟು ಇರುತ್ತವೆ. ಒಂದು ಚಮಚ ಕೆಸರಿನಲ್ಲಿ ಒಂದು ಬಸ್ಸಿಗೆ ತುಂಬುವಷ್ಟು ಜನ ಎಂದು ಅಕ್ಕ ಗಂಡನಿಗೆ ವಿವರಿಸುತ್ತಿದ್ದಳು. ಒಂದೊಂದೂ ಸಾಸಿವೆ ಕಾಳಿನ ಅರ್ಧದಷ್ಟೂ ಇರುವುದಿಲ್ಲ. ಮೈ ಗಾಜಿನ ಹಾಗೆ. ತಿಂದದ್ದು ಹೊಟ್ಟೆಯಲ್ಲಿ ಗೆರೆಯಾಗಿ ಹೊರಗೇ ಕಾಣುತ್ತದೆ. ಅವಕ್ಕೆ ನಾಲಿಗೆ ಹೊರಳದಂಥ ದೊಡ್ಡ ದೊಡ್ಡ ಹೆಸರುಗಳಿದ್ದವು. ಅಕ್ಕ ಅವುಗಳನ್ನೆಲ್ಲ ಬಾಯಿಪಾಠ ಮಾಡಿದ್ದರೂ ಬಳಸುತ್ತಿದ್ದದ್ದು ತಾನಿಟ್ಟ ಹೆಸರುಗಳನ್ನೇ. ತೆಳ್ಳಗೆ ಉದ್ದಕ್ಕಿರುವುದು ಸೂಜಿ. ದಪ್ಪಗೆ, ಮೂತಿ ಕೆಳಗೆ ಹಾಕಿಕೊಂಡು ಓಡಾಡುವುದು ಗುಂಡ.

ಹಿರಿಯ ಮೇಡಂ ನಿವೃತ್ತರಾಗಿ ಹೋದ ಮೇಲೆ ಬಂದವರು ಈಗಿನ ನಿರ್ದೇಶಕರು. ಎತ್ತರದ ಆಳು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬೂಟು. ಎಂಟು ವರ್ಷದಲ್ಲಿ ಆ ಬೂಟಿಗೆ ಒಂದು ಹನಿ ಕೆಸರು ಸಿಡಿದಿರಲಿಲ್ಲ. ಅಳಿವೆಯನ್ನು ಅವರು ಕಿಟಕಿಯಿಂದಲೇ ನೋಡುತ್ತಿದ್ದರು. ವಯಸ್ಸಿನಲ್ಲಿದ್ದಾಗ ಅವರೊಂದು ಪುಸ್ತಕ ಬರೆದಿದ್ದರು. ಈ ಪುಟಾಣಿಗಳು ಬದುಕುವುದು ನದಿ ಹೊತ್ತು ತರುವ ಕೊಳೆತ ಎಲೆಯ ಪುಡಿಯನ್ನು ತಿಂದು ಎಂಬುದು ಅದರ ಸಾರ. ಆ ಪುಸ್ತಕ ಅವರ ಮೇಜಿನ ಮೇಲೆ, ಬಂದವರಿಗೆ ಹೆಸರು ಕಾಣುವಂತೆ ನಿಂತಿರುತ್ತಿತ್ತು.

ಅದೇ ಮಾತನ್ನು ಇನ್ನಷ್ಟು ಗಟ್ಟಿ ಮಾಡಲು ಅವರು ಒಬ್ಬ ಸಂಶೋಧಕಿಗೆ ಕೆಲಸ ಹಚ್ಚಿದ್ದರು. ಹುಡುಗಿಗೆ ಇನ್ನೂ ಡಾಕ್ಟರೇಟ್ ಸಿಕ್ಕಿರಲಿಲ್ಲ. ಅಕ್ಕ ಮಾತ್ರ ಮುಂಗಡವಾಗಿಯೇ ಅವಳನ್ನು ಡಾಕ್ಟರಮ್ಮ ಎಂದು ಕರೆದು ರೇಗಿಸುತ್ತಿದ್ದಳು. ಒಂದು ದಿನ ಡಾಕ್ಟರಮ್ಮ ಸೂಕ್ಷ್ಮದರ್ಶಕದ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

"ಏನಾಯ್ತು ತಾಯಿ, ನೆಗಡಿನಾ?"

"ಅಕ್ಕಾ, ಎರಡು ವರ್ಷ ಆಯ್ತು. ನಾಲ್ಕು ಸಾವಿರ ನೋಡಿದೀನಿ. ಎಲ್ಲದರ ಹೊಟ್ಟೆನೂ ಖಾಲಿ! ಏನೂ ತಿನ್ನದೆ ಬದುಕ್ತವೆ ಅಂತ ಬರೀಲಾ?"

"ಕೆಸರು ತರೋದು ಎಷ್ಟೊತ್ತಿಗೆ?"

"ಹತ್ತೂವರೆಗೆ. ಸಾಹೇಬರು ಚಹಾ ಕುಡಿದು ಜೀಪಿನ ಚೀಟಿಗೆ ಸಹಿ ಹಾಕಿದ ಮೇಲೆ."

"ನೀರು ಇಳಿಯೋದು ಸಾಹೇಬರ ಚಹಾ ಕೇಳ್ಕೊಂಡಾ? ದಿನಾ ಮುಕ್ಕಾಲು ಗಂಟೆ, ಐವತ್ತು ನಿಮಿಷ ಮುಂದಕ್ಕೆ ಹೋಗತ್ತೆ. ನೀವು ಹೋದಾಗ ಒಂದಿನ ಮೊಣಕಾಲುದ್ದ ನೀರು, ಒಂದಿನ ಒಣ ಕೆಸರು. ಆಮೇಲೆ ದಂಡೆಯುದ್ದಕ್ಕೂ ಹತ್ತು ಕಡೆ ಜೀಪು ನಿಲ್ಲಿಸ್ತಾ, ಬಕೆಟ್‌ನಲ್ಲಿ ಎರಡು ಗಂಟೆ ಕುಲುಕಾಡಿಸ್ಕೊಂಡು ತರ್ತೀರಿ. ಇವಕ್ಕೆ ತಿಂದದ್ದು ಜೀರ್ಣ ಆಗೋಕೆ ಅರ್ಧ ಗಂಟೆ ಸಾಕು. ಅದೂ ಸಾಲದೂಂತ ಕೆಡದೆ ಇರ್ಲಿ ಅಂತ ಮೇಲಿಂದ ಔಷಧಿ ಸುರೀತೀರಿ. ಹೆದರ್ಕೊಂಡು ಇದ್ದಬದ್ದದ್ದನ್ನೂ ಕಕ್ಕಿಬಿಡ್ತವೆ. ನಮ್ಮನೆಯವರನ್ನೇ ಬಕೆಟ್‌ಗೆ ಹಾಕಿ ಎರಡು ಗಂಟೆ ಜೀಪಲ್ಲಿ ಕುಲುಕಾಡಿಸಿ ನೋಡು, ಅವರ ಹೊಟ್ಟೇಲೂ ಏನೂ ಇರಲ್ಲ."

ಡಾಕ್ಟರಮ್ಮ ಅಳುತ್ತಲೇ ನಕ್ಕಳು. "ಇದನ್ನ ಸಾಹೇಬರಿಗೆ ಹೇಳಬಾರದಿತ್ತಾ?"

"ಹೇಳಿದ್ದೆ. 'ನೀವು ಎಣಿಸಿ ಸಾಕು' ಅಂದ್ರು. ಅದಕ್ಕೆ ಎಣಿಸ್ತಾ ಇದೀನಿ."

ಆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನೀರು ಪೂರ್ತಿ ಇಳಿಯುವುದಿತ್ತು. ಅಕ್ಕ, ಡಾಕ್ಟರಮ್ಮ, ಅಕ್ಕನ ಗಂಡ ಮೂವರೂ ಅಳಿವೆಗೆ ಹೋದರು. ಗಂಡ ನಿವೃತ್ತನಾಗಿ ವರ್ಷವಾಗಿತ್ತು, ಹೆಂಡತಿ ಎಲ್ಲಿಗೆ ಕರೆದರೂ "ನನಗೇನು ಬೇರೆ ಕೆಲಸ ಇಲ್ವಾ?" ಎಂದು ಕೇಳಿ, ಅವಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುವ ಸ್ವಭಾವದವನು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಕುದಿಯುವ ನೀರು ತುಂಬಿದ ಫ್ಲಾಸ್ಕು ಹಿಡಿದುಕೊಂಡು ಬಂದ. ಚಹಾ ಇರಬೇಕೆಂದು ಅವನು ದಾರಿಯುದ್ದಕ್ಕೂ ನಂಬಿದ್ದ.

ಕೆಸರಿನ ಮೇಲೆ ಹಲಗೆ ಹಾಸಿ ಇಬ್ಬರು ಹೆಂಗಸರೂ ಬೋರಲು ಮಲಗಿದರು. ಮೊದಲಿಗೆ ಬರೀ ಬೂದು ಕೆಸರು. ಬಿಸಿಲು ಬೀಳುತ್ತ ಬೀಳುತ್ತ, ನೋಡನೋಡುತ್ತಿದ್ದಂತೆ ಅದರ ಮೇಲೊಂದು ಹೊಂಬಣ್ಣದ ತೆಳು ಪೊರೆ ಮೂಡಿತು. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಅದು. ನೀರಿದ್ದಾಗ ಕೆಸರೊಳಗೆ ಹುದುಗಿಕೊಂಡು, ನೀರಿಳಿದು ಬಿಸಿಲು ಬಿದ್ದಾಗ ಮೇಲಕ್ಕೆ ತೆವಳಿ ಬರುತ್ತದೆ.

"ನೋಡು, ತಟ್ಟೆ ಹಾಕಿದ್ರು. ಈಗ ಜನ ಬರ್ತಾರೆ," ಎಂದಳು ಅಕ್ಕ.

ಮಸೂರ ಹಿಡಿದು ನೋಡಿದರೆ ನಿಜಕ್ಕೂ ಬರುತ್ತಿದ್ದರು. ಅಕ್ಕ ಒಂದು ಚಮಚದಷ್ಟು ಮೇಲ್ಪದರ ಕೆರೆದು ಬಟ್ಟಲಿಗೆ ಹಾಕಿ ಫ್ಲಾಸ್ಕಿನ ನೀರು ಸುರಿದಳು. ಜೀರ್ಣಿಸಿಕೊಳ್ಳಲೂ ಕಕ್ಕಲೂ ಪುರುಸೊತ್ತಿಲ್ಲದೆ ಎಲ್ಲವೂ ಇದ್ದಲ್ಲೇ ನಿಂತವು. ಗಂಡನ ಮುಖ ಮಾತ್ರ ಇಂಗು ತಿಂದ ಮಂಗನಂತಾಯಿತು.

"ಲೇ, ಚಹಾ ಎಲ್ಲೇ?"

"ಮನೇಲಿ. ನಿಮ್ಮ ಕರವಸ್ತ್ರ ಕೊಡಿ ಇಲ್ಲಿ."

ತೆಳ್ಳಗೆ ಸವೆದ ಆ ಕರವಸ್ತ್ರವನ್ನು ಅವಳು ಕೆಸರಿನ ಮೇಲೆ ಹಾಸಿದಳು. ಕಾಲು ಗಂಟೆಯಲ್ಲಿ ಪಾಚಿಯೆಲ್ಲ ಬಟ್ಟೆಯ ಎಳೆಗಳ ಸಂದಿಯಿಂದ ಮೇಲೆ ತೆವಳಿ ಬಂದು, ಅದು ಹೊಂಬಣ್ಣಕ್ಕೆ ತಿರುಗಿತು. ಕೆಸರಿನ ಕಣವೂ ತಾಗದ ಶುದ್ಧ ಪಾಚಿ. ಮಡಚಿ ಡಬ್ಬಿಗೆ ಹಾಕಿಕೊಂಡಳು. ಕರವಸ್ತ್ರದ ಒಡೆಯ ಹಣೆಯ ಬೆವರನ್ನು ತೋಳಿನಲ್ಲೇ ಒರೆಸಿಕೊಂಡ.

ಸೋಮವಾರ ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ಸೂಜಿಗಳ ಹೊಟ್ಟೆ ತುಂಬ ಚಿನ್ನದ ಗೆರೆ. ಡಾಕ್ಟರಮ್ಮ ಕುಣಿಯುವುದೊಂದು ಬಾಕಿ. ಆದರೆ ಗುಂಡರ ಹೊಟ್ಟೆಯಲ್ಲಿ ಏನೋ ಕಪ್ಪು ಕಪ್ಪು, ಏನೆಂದು ಹೇಳುವಂತಿರಲಿಲ್ಲ.

"ಗುಂಡನೂ ಪಾಚಿನೇ ತಿನ್ನೋದು. ಅವನಿಗೇನು ಗ್ರಹಚಾರ, ಕೊಳೆತ ಎಲೆ ತಿನ್ನೋಕೆ?" ಎಂದಳು ಅಕ್ಕ ಮನೆಯಲ್ಲಿ.

"ನಿನಗೆ ಹೇಗೆ ಗೊತ್ತು? ನಂಗೆ ಚಹಾ ಇಷ್ಟ, ನಿಂಗೆ ಕಾಫಿ. ಒಂದೇ ಮನೇಲಿದ್ದೀವಿ ಅಂತ ಇಬ್ಬರೂ ಒಂದೇ ಕುಡೀತೀವಾ?" ಎಂದ ಗಂಡ. ಫ್ಲಾಸ್ಕಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಪಂಥ ಬಿತ್ತು. ಸೋತವರು ಒಂದು ತಿಂಗಳು ಪಾತ್ರೆ ತಿಕ್ಕುವುದು.

ಅಕ್ಕ ಪಕ್ಕದ ಬೇಕರಿಯವಳಿಂದ ಕೇಕಿಗೆ ಹಾಕುವ ಕೆಂಪು ಬಣ್ಣ ತಂದಳು. ಕೊಳೆತ ಎಲೆಯನ್ನು ಅರೆದು, ಆ ಬಣ್ಣದಲ್ಲಿ ಕುದಿಸಿ, ತೊಳೆದ ನೀರು ತಿಳಿಯಾಗುವ ತನಕ ಏಳು ಸಲ ತೊಳೆದಳು. ಪ್ರಯೋಗಾಲಯದಲ್ಲಿ ಒಂದು ಗಾಜಿನ ತಟ್ಟೆಗೆ ಉಪ್ಪುನೀರು ಹಾಕಿ, ಒಂದು ಬದಿಗೆ ಕರವಸ್ತ್ರದ ಪಾಚಿ, ಇನ್ನೊಂದು ಬದಿಗೆ ಕೆಂಪು ಎಲೆಪುಡಿ ಬಡಿಸಿ, ನಡುವೆ ಅಳಿವೆಯಿಂದ ಆಗಷ್ಟೇ ತಂದ ಜೀವಂತ ಸೂಜಿಗಳನ್ನೂ ಗುಂಡರನ್ನೂ ಬಿಟ್ಟಳು. ಯಾರು ಏನು ತಿಂದರೆಂದು ಹೊಟ್ಟೆಯ ಬಣ್ಣವೇ ಹೇಳಬೇಕು.

ಮರುದಿನ ಬೆಳಿಗ್ಗೆ ಬಂದು ನೋಡಿದಳು. ಸೂಜಿಗಳ ಹೊಟ್ಟೆ ಚಿನ್ನ. ಗುಂಡರ ಹೊಟ್ಟೆ ಕೆಂಪೋ ಕೆಂಪು. ಗುಂಡ ಎಲೆಪುಡಿಯ ರಾಶಿಯ ಮೇಲೆ ಮೂತಿಯೂರಿ, ಮೂರು ದಿನ ಉಪವಾಸವಿದ್ದವನಂತೆ ತಿನ್ನುತ್ತಿದ್ದ.

"ಥೂ ನಿನ್ನ," ಎಂದಳು ಅಕ್ಕ. ಒಂದು ತಿಂಗಳ ಪಾತ್ರೆಗಳು ಕಣ್ಣ ಮುಂದೆ ಬಂದವು. ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಹಾಗೇ ಬಿಟ್ಟು, ಡಾಕ್ಟರಮ್ಮನಿಗೆ ಹೇಳಲು ಹೊರಗೆ ಹೋದಳು.

ಅಂದು ಹನ್ನೊಂದು ಗಂಟೆಗೆ ಪರಿಶೀಲನಾ ಸಮಿತಿ ಬರುವುದಿತ್ತು. ಮೂವರ ಸಮಿತಿ, ಅದರ ಮುಖ್ಯಸ್ಥರು ಎಂಬತ್ತರ ಹತ್ತಿರದ ಪ್ರೊಫೆಸರ್. ಕೇಂದ್ರವನ್ನು ಮುಂದುವರಿಸಬೇಕೋ ಬೇಡವೋ ಎಂಬುದು ಅವರ ಕೈಲಿತ್ತು. ಬೆಳಗಿನಿಂದ ಮನೆಗೆ ಬೆಂಕಿ ಬಿದ್ದವರಂತೆ ಓಡಾಡುತ್ತಿದ್ದ ನಿರ್ದೇಶಕರು ಎಲ್ಲ ಸರಿಯಿದೆಯೋ ಎಂದು ನೋಡುತ್ತ ಪ್ರಯೋಗಾಲಯಕ್ಕೆ ಬಂದರು. ಸೂಕ್ಷ್ಮದರ್ಶಕದೊಳಗೆ ಸುಮ್ಮನೆ ಒಮ್ಮೆ ಇಣುಕಿದರು. ಕಣ್ಣುಜ್ಜಿಕೊಂಡು ಮತ್ತೆ ಇಣುಕಿದರು. ಮೈಯುದ್ದಕ್ಕೂ ರಕ್ತಗೆಂಪು ಪಟ್ಟೆಯಿರುವ ಜೀವಿ! ಇಂಥದ್ದನ್ನು ಅವರು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ.

ಅಕ್ಕ ವಾಪಸು ಬರುವಷ್ಟರಲ್ಲಿ ಅವರು ಮೂರು ಗುಂಡರನ್ನು ಪಿಪೆಟ್ಟಿನಿಂದ ಎತ್ತಿ, ತಿಳಿಯಾದ ಉಪ್ಪುನೀರಿನ ಬೇರೆ ತಟ್ಟೆಗೆ ಹಾಕಿಯಾಗಿತ್ತು.

"ಇದನ್ನ ಎಲ್ಲಿಂದ ತಂದ್ರಿ?"

"ನಮ್ಮ ಅಳಿವೆದೇ ಸಾರ್. ಅದು ಏನಂದ್ರೆ..."

"ಹೊಸ ಪ್ರಭೇದ! ಗೊತ್ತಾಯ್ತಾ ನಿಮಗೆ? ಹೊಸ ಪ್ರಭೇದ!"

"ಸಾರ್, ಅದು ಪಟ್ಟೆ ಅಲ್ಲ ಸಾರ್. ಅದು ಹೊಟ್ಟೆ..."

"ನೀವು ಎಣಿಸಿ ಸಾಕು," ಎಂದರು ನಿರ್ದೇಶಕರು, ತಟ್ಟೆಯಿಂದ ಕಣ್ಣೆತ್ತದೆ.

ಅಕ್ಕ ಗೋಡೆ ಗಡಿಯಾರ ನೋಡಿದಳು. ಹತ್ತು ಐವತ್ತು. ತಿಳಿನೀರಿನಲ್ಲಿ ಗುಂಡನಿಗೆ ತಿನ್ನಲು ಬೇರೇನೂ ಇರಲಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು.

ಡಾಕ್ಟರಮ್ಮ ಅವಳ ತೋಳು ಹಿಡಿದು ಮೂಲೆಗೆ ಎಳೆದಳು. "ಅಕ್ಕಾ, ಹೇಳಿಬಿಡು! ಮಾನ ಹೋಗತ್ತೆ."

"ಯಾರದು?"

"ಎಲ್ಲರದೂ!"

"ಎರಡು ಸಲ ಬಾಯಿ ಬಿಟ್ಟೆ, ಎರಡು ಸಲಾನೂ ಮುಚ್ಚಿಸಿದ್ರು. ಇನ್ನು ಗುಂಡನೇ ಹೇಳ್ಲಿ."

ಹಾಗೆಂದಳೇ ಹೊರತು ಅವಳಿಗೂ ಒಳಗೊಳಗೇ ಕಸಿವಿಸಿ. ನಗು ಒಂದು ಕಡೆಯಿಂದ ಉಕ್ಕಿ ಬರುತ್ತಿತ್ತು. ಇನ್ನೊಂದು ಕಡೆಯಿಂದ, ಆ ಮನುಷ್ಯನ ಮುಖದಲ್ಲಿ ಎಂಟು ವರ್ಷದಲ್ಲಿ ಕಾಣದ ಸಂತೋಷ ಕಂಡು ಪಾಪ ಅನ್ನಿಸುತ್ತಿತ್ತು.

ಸಮಿತಿ ಬಂತು. ನಿರ್ದೇಶಕರು ಸೀದಾ ಪ್ರಯೋಗಾಲಯಕ್ಕೇ ಕರೆತಂದರು. ಆದರೆ ಒಡನೆಯೇ ತೋರಿಸಿಬಿಟ್ಟರೆ ಗಮ್ಮತ್ತೇನು? ಮೊದಲು ಕೇಂದ್ರದ ಇತಿಹಾಸ, ನಂತರ ತಮ್ಮ ಪುಸ್ತಕ, ನಂತರ ಕೆಸರಿನ ಮಹತ್ವ, ಎಲ್ಲ ಹೇಳಿದರು. ಅಕ್ಕ ಗಡಿಯಾರವನ್ನೂ ತಟ್ಟೆಯನ್ನೂ ಮತ್ತೆ ಮತ್ತೆ ನೋಡಿದಳು. ಹನ್ನೊಂದೂ ಕಾಲು. ಹನ್ನೊಂದು ಇಪ್ಪತ್ತೈದು. ಕೊನೆಗೆ, "ಇಂದು ಬೆಳಿಗ್ಗೆಯಷ್ಟೇ ನಮ್ಮ ಕೇಂದ್ರದಲ್ಲಿ ಪತ್ತೆಯಾದ, ಜಗತ್ತು ಇದುವರೆಗೆ ಕಾಣದ, ಕೆಂಪು ಪಟ್ಟೆಯ ಒಂದು ಜೀವಿ..." ಎಂದು ನಿರ್ದೇಶಕರು ಪಕ್ಕಕ್ಕೆ ಸರಿದು ಕೈ ಚಾಚಿದರು.

ಮುದಿ ಪ್ರೊಫೆಸರ್ ಕನ್ನಡಕ ಹಣೆಗೇರಿಸಿ, ಬಗ್ಗಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತುಂಬ ಹೊತ್ತು ನೋಡಿದರು.

"ಕೆಂಪು ಪಟ್ಟೆ ಅಂದ್ರಲ್ಲ?"

"ಹೌದು ಸಾರ್. ತಲೆಯಿಂದ ಬಾಲದವರೆಗೆ."

"ತಲೆಯ ಹತ್ರ ಇಲ್ವಲ್ಲ. ಬಾಲದ ಹತ್ರ ಸ್ವಲ್ಪ ಇದೆ." ಸ್ವಲ್ಪ ಹೊತ್ತು ಬಿಟ್ಟು, "ಹಾಂ. ಈಗ ಅಲ್ಲೂ ಇಲ್ಲ."

"ಏನು ಸಾರ್?"

ಪ್ರೊಫೆಸರ್ ನಿಧಾನವಾಗಿ ನೆಟ್ಟಗಾದರು. "ನಿಮ್ಮ ಹೊಸ ಪ್ರಭೇದ ಈಗಷ್ಟೇ ತನ್ನ ಪಟ್ಟೆಯನ್ನ ಹಿಂದಿನಿಂದ ವಿಸರ್ಜನೆ ಮಾಡ್ತು. ತಟ್ಟೇಲಿ ಬಿದ್ದಿದೆ, ನೋಡ್ತೀರಾ?"

ಡಾಕ್ಟರಮ್ಮ ಮುಖ ಮುಚ್ಚಿಕೊಂಡಳು. ಸಮಿತಿಯ ಇನ್ನಿಬ್ಬರು ಕಿಟಕಿಯ ಕಡೆ ತಿರುಗಿದರು. ಅವರ ಭುಜಗಳು ಕುಣಿಯುತ್ತಿದ್ದವು. ನಿರ್ದೇಶಕರು ಬಗ್ಗಿ ನೋಡಿದರು. ಗಾಜಿನಷ್ಟು ತಿಳಿಯಾದ ಮೂರು ಗುಂಡರು ನಿರುಮ್ಮಳವಾಗಿ ಈಜುತ್ತಿದ್ದರು. ಅವರ ಹಿಂದೆ ಮೂರು ಕೆಂಪು ಹಿಕ್ಕೆಗಳು.

"ಇದಕ್ಕೆ ಬಣ್ಣ ತಿನ್ನಿಸಿದ್ದು ಯಾರು?" ಎಂದು ಪ್ರೊಫೆಸರ್ ಕೇಳಿದರು.

ಓಡಿಹೋಗಲು ಬಾಗಿಲು ದೂರವಿತ್ತು. ಅಕ್ಕ ಮುಂದೆ ಬಂದಳು. "ನಾನು ಸಾರ್. ಕೇಕಿನ ಬಣ್ಣ. ಏಳು ಸಲ ತೊಳೆದಿದ್ದೆ, ನೀರಿಗೆ ಬಿಡಲ್ಲ."

"ಯಾಕೆ?"

"ಯಾರು ಏನು ತಿಂತಾರೆ ಅಂತ ನೋಡೋಕೆ. ಎಲೆಪುಡಿ ಕೆಂಪು, ಪಾಚಿ ಚಿನ್ನ. ಒಂದೇ ತಟ್ಟೇಲಿ ಎರಡೂ ಇಟ್ಟೆ. ಸೂಜಿ ಚಿನ್ನ ತಿಂತು, ಗುಂಡ ಕೆಂಪು ತಿಂದ." ನಿರ್ದೇಶಕರ ಕಿವಿಗಳು ಕೇಕಿನ ಬಣ್ಣಕ್ಕೇ ತಿರುಗಿದ್ದು ಅವಳ ಕಣ್ಣಿಗೆ ಬಿತ್ತು. ಕೂಡಲೇ ಸೇರಿಸಿದಳು: "ಸಾಹೇಬರು ಪುಸ್ತಕದಲ್ಲಿ ಬರೆದದ್ದು ಗುಂಡನ ವಿಷಯದಲ್ಲಿ ನಿಜ ಸಾರ್. ನಾನು ಅದೂ ಸುಳ್ಳು ಅಂದ್ಕೊಂಡಿದ್ದೆ. ನಾನೇ ಸೋತೆ."

ಪ್ರೊಫೆಸರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಆ ಮೊದಲನೇ ತಟ್ಟೆ ಎಲ್ಲಿ? ತನ್ನಿ," ಎಂದರು. ಹನ್ನೆರಡಕ್ಕೆ ಹೊರಡಬೇಕಾಗಿದ್ದ ಸಮಿತಿ ನಾಲ್ಕು ಗಂಟೆಯವರೆಗೆ ಕೂತಿತು. ಕರವಸ್ತ್ರದ ಕಥೆ ಕೇಳಿ ಪ್ರೊಫೆಸರ್ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಒಂದೇ ಕೆಸರಿನಲ್ಲಿ ಒತ್ತೊತ್ತಾಗಿ ಬದುಕುವ ಇವು ಒಂದಕ್ಕೊಂದು ಜಗಳವಾಡದೆ ಹೇಗಿವೆ ಎಂದು ತಾವು ಎಷ್ಟೋ ವರ್ಷದಿಂದ ತಲೆ ಕೆರೆದುಕೊಂಡಿದ್ದಾಗಿಯೂ, ಬೇರೆ ಬೇರೆ ಊಟ ಮಾಡಿಕೊಂಡು ಇರುತ್ತವೆ ಎಂದು ಕೇಕಿನ ಬಣ್ಣದಲ್ಲಿ ತೋರಿಸಬಹುದೆಂದು ಹೊಳೆದಿರಲಿಲ್ಲವೆಂದೂ ಹೇಳಿದರು. ಕೇಂದ್ರ ಉಳಿಯಿತು.

ನಿರ್ದೇಶಕರು ಎರಡು ವಾರ ಅಕ್ಕನ ಜೊತೆ ಮಾತಾಡಲಿಲ್ಲ. ಎದುರಿಗೆ ಸಿಕ್ಕರೆ ಗೋಡೆಯ ಮೇಲಿನ ಪಟ ನೋಡುತ್ತ ಹೋಗುತ್ತಿದ್ದರು. ಅಕ್ಕ ಬೇಕೆಂದೇ ಆ ಪಟದ ಕೆಳಗೆ ನಿಂತು, "ಧೂಳು ಕೂತಿದೆ ಅಲ್ವಾ ಸಾರ್?" ಎಂದು ಕೇಳುತ್ತಿದ್ದಳು. ಮನೆಯಲ್ಲಿ ದಿನಾ ಪಾತ್ರೆ ತಿಕ್ಕುತ್ತಿದ್ದಳು. ಗಂಡ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ, "ತಳದಲ್ಲಿ ಇನ್ನೂ ಕಪ್ಪಿದೆ ನೋಡು," ಎನ್ನುತ್ತಿದ್ದ.

ಮೂರನೇ ವಾರದ ಬುಧವಾರ ನಿರ್ದೇಶಕರು ಪಟದ ಬದಲು ಅವಳನ್ನೇ ನೋಡಿದರು.

"ಇವತ್ತು ನೀರು ಎಷ್ಟೊತ್ತಿಗೆ ಇಳಿಯತ್ತೆ?"

"ಎರಡೂಕಾಲಿಗೆ ಸಾರ್."

"ನಾನೂ ಬರ್ತೀನಿ."

ಬಂದರು. ಹೊಚ್ಚ ಹೊಸ ರಬ್ಬರ್ ಬೂಟು ಹಾಕಿಕೊಂಡು ಬಂದರು. ಹಲಗೆಯ ಮೇಲೆ ಬನ್ನಿ ಎಂದರೆ, "ಅದೆಲ್ಲ ಬೇಡ, ಕೆಸರಲ್ಲಿ ನಡೆಯೋದು ನನಗೆ ಗೊತ್ತು," ಎಂದರು. ಆರನೇ ಹೆಜ್ಜೆಗೆ ಮೊಣಕಾಲವರೆಗೆ ಹುಗಿದುಹೋದರು. ಒಂದು ಕಾಲು ಕೀಳಲು ಹೋದರೆ ಇನ್ನೊಂದು ಇನ್ನಷ್ಟು ಇಳಿಯಿತು.

"ಒದ್ದಾಡ್ಬೇಡಿ ಸಾರ್! ಮಲಗಿಬಿಡಿ!"

"ಮಲಗೋದಾ? ಈ ಕೆಸರಲ್ಲಾ?"

"ನಿಂತ್ರೆ ನುಂಗತ್ತೆ, ಮಲಗಿದ್ರೆ ಬಿಡತ್ತೆ. ಮಲಗಿ ಸಾರ್!"

ಬೇರೆ ದಾರಿಯಿರಲಿಲ್ಲ. ಬಿಳಿ ಅಂಗಿಯ ನಿರ್ದೇಶಕರು ಎರಡೂ ಕೈ ಚಾಚಿ ಕೆಸರಿನ ಮೇಲೆ ಬೋರಲು ಬಿದ್ದರು. ಅಕ್ಕ ಹಲಗೆ ತಳ್ಳಿಕೊಂಡು ತೆವಳುತ್ತ ಹತ್ತಿರ ಹೋದಳು. ಎಳೆಯಲೆಂದು ಅವರ ಕೈ ಹಿಡಿದರೆ, ಅವರು ಬಿಡಿಸಿಕೊಂಡರು.

"ತಡೀರಿ."

ಅವರ ಮೂಗಿನಿಂದ ನಾಲ್ಕೇ ಬೆರಳು ದೂರದಲ್ಲಿ ಬೂದು ಕೆಸರಿನ ಮೇಲೆ ಹೊಂಬಣ್ಣ ಹರಡುತ್ತಿತ್ತು. ಅದರ ಮೇಲೆ ಕಂಡೂ ಕಾಣದಂಥ ಚುಕ್ಕೆಗಳು ಸರಿದಾಡುತ್ತಿದ್ದವು. ಅಕ್ಕ ಕೊರಳಿನಿಂದ ಮಸೂರ ಬಿಚ್ಚಿ ಅವರ ಕೈಗಿಟ್ಟಳು. ನಿರ್ದೇಶಕರು ಗಲ್ಲ ಕೆಸರಿಗೆ ಒತ್ತಿ ಹಾಗೇ ನೋಡುತ್ತ ಮಲಗಿದರು. ದಡದಲ್ಲಿ ನಿಂತ ಡಾಕ್ಟರಮ್ಮ, "ಅಕ್ಕಾ, ಸಾರ್‌ಗೆ ಏನಾಯ್ತು?" ಎಂದು ಗಾಬರಿಯಿಂದ ಕೂಗಿದಳು. ಅಕ್ಕ ಕೆಸರು ಮೆತ್ತಿದ ಕೈ ಎತ್ತಿ, ತಡಿ ಎಂದು ಸನ್ನೆ ಮಾಡಿದಳು.

ನೀರು ಏರುವ ಸೂಚನೆ ಕಂಡ ಮೇಲೆ ಅಕ್ಕ ಅವರನ್ನು ಹಲಗೆಗೆ ಎಳೆದುಕೊಂಡಳು. ದಡಕ್ಕೆ ಬಂದು ನೋಡಿದರೆ ಒಂದು ಕಾಲಲ್ಲಿ ಬೂಟಿಲ್ಲ.

"ನನ್ನ ಬೂಟು?" ಎಂದು ನಿರ್ದೇಶಕರು ಅಳಿವೆಯ ಕಡೆ ತಿರುಗಿದರು.

"ಬಿಡಿ ಸಾರ್," ಎಂದಳು ಜರಡಿ ಅಕ್ಕ. "ಅದರೊಳಗೆ ಇಷ್ಟೊತ್ತಿಗೆ ನಾಲ್ಕು ಸಂಸಾರ ಹೂಡಿರ್ತವೆ. ನಾಳೆ ಮೂರು ಗಂಟೆಗೆ ಬಂದು ಎಣಿಸೋಣ."

ನಿರ್ದೇಶಕರು ಜೋರಾಗಿ ನಕ್ಕುಬಿಟ್ಟರು. ಆಮೇಲೆ ಒಂಟಿ ಬೂಟಿನಲ್ಲಿ ಪಚಕ್ ಪಚಕ್ ಎನ್ನಿಸುತ್ತ ಜೀಪಿನ ಕಡೆ ನಡೆದರು.